ಮೂಲೆಗೆ ಅರಿಶಿನ ಹಚ್ಚಿದ ಕಾದಂಬರಿ

ಆಷಾಢ ಮುಗಿಯುವುದರೊಳಗೆ ಪುಸ್ತಕ ಹೊರಬರಬೇಕು, ಇಲ್ಲದಿದ್ದರೆ ಇನ್ನೊಂದು ವರ್ಷ ಕಾಯಬೇಕು ಎಂದು ಯಶವಂತಪುರದ ಶಿವಶರಣಪ್ಪ ನಜ್ಮುನ್ನೀಸಾಗೆ ಮೊದಲೇ ಹೇಳಿದ್ದ. ಆತನದು ಲಗ್ನಪತ್ರಿಕೆ ಅಚ್ಚು ಮಾಡುವ ಸಣ್ಣ ಪ್ರೆಸ್ಸು. ಸೀಸದ ಅಕ್ಷರದ ಮೊಳೆಗಳು ಇದ್ದದ್ದೇ ಸ್ವಲ್ಪ. ಮುಹೂರ್ತಗಳು ಶುರುವಾದರೆ ಅವೆಲ್ಲ ವಧೂವರರ ಹೆಸರಿಗೇ ಬೇಕು. ಮದುವೆಗಳಿಲ್ಲದ ಆಷಾಢದಲ್ಲಿ ಮಾತ್ರ ಕಾದಂಬರಿಗೆ ಬಿಡುವು. ೧೯೮೨ರಲ್ಲಿ ಅರ್ಧ ಪುಸ್ತಕ ಅಚ್ಚಾಗುವಷ್ಟರಲ್ಲಿ ಶ್ರಾವಣ ಬಂದುಬಿಟ್ಟಿತು. ಜೋಡಿಸಿಟ್ಟಿದ್ದ ಪುಟಗಳನ್ನು ಕಳಚಿ, ಅವೇ ಮೊಳೆಗಳಿಂದ ಯಾರ‍್ಯಾರದೋ ಮದುವೆ ಮಾಡಿಸಿದ್ದಾಯಿತು. ಅಚ್ಚಾಗಿದ್ದ ಹಾಳೆಗಳು ವರ್ಷವಿಡೀ ಮಷೀನಿನ ಪಕ್ಕದಲ್ಲಿ ಗೋಣಿಚೀಲ ಹೊದ್ದು ಕೂತಿದ್ದವು.

ನಜ್ಮುನ್ನೀಸಾ ಆರ್.ಟಿ. ನಗರದವಳು, ಹೆಣ್ಣುಮಕ್ಕಳ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕಿ. ಅವಳ ಕಾದಂಬರಿಯ ನಾಯಕಿ ಗೊರಗುಂಟೆಪಾಳ್ಯದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟವಳು. ಬಂದ ಸಂಬಂಧಗಳನ್ನೆಲ್ಲ ವಾಪಸ್ಸು ಕಳಿಸುತ್ತಾಳೆ, ಕೊನೆಯವರೆಗೂ ಮದುವೆಯಾಗುವುದಿಲ್ಲ, ಅದಕ್ಕಾಗಿ ಅಳುವುದೂ ಇಲ್ಲ. ಇಬ್ಬರು ಪ್ರಕಾಶಕರು ಹಸ್ತಪ್ರತಿ ಹಿಂದಿರುಗಿಸಿದ್ದರು. ಒಬ್ಬರಂತೂ, "ಮದುವೆ ಮಾಡಿಸಿ ತನ್ನಿ, ನೋಡೋಣ," ಎಂದಿದ್ದರು. ಹಾಗಾಗಿ ತಾನೇ ಪ್ರಕಾಶಕಿಯಾಗಲು ಹೊರಟಳು. ಈ ಹುಡುಗಿಯನ್ನು ಇವಳು ಇರುವ ಹಾಗೇ ಓದುವವರು ಯಾರಾದರೂ ಇದ್ದಾರೆಯೇ ಎಂಬುದೊಂದು ತಿಳಿಯಬೇಕಿತ್ತು ಅವಳಿಗೆ.

ಮೊಳೆ ಜೋಡಿಸುತ್ತ ಕಥೆ ಓದಿದ ಶಿವಶರಣಪ್ಪನೂ ಬಿಟ್ಟಿರಲಿಲ್ಲ. "ಮೇಡಂ, ಆ ಟ್ರಾನ್ಸಿಸ್ಟರ್ ತರೋ ಮೇಷ್ಟ್ರು ಒಳ್ಳೇವ್ರಲ್ವಾ? ಇನ್ನೂ ಎರಡು ಫಾರಂ, ಮೂವತ್ತೆರಡು ಪುಟ ಬಾಕಿ ಇದೆ. ಮನಸ್ಸು ಮಾಡಿದ್ರೆ ಮುಗಿಸ್ಬೋದು."

"ಮೇಷ್ಟ್ರು ರೇಡಿಯೋ ರಿಪೇರಿಗೆ ಬರ್ತಾರೆ ಶಿವಶರಣಪ್ಪನವರೇ, ಅಷ್ಟೇ."

ಆತ ನಿಟ್ಟುಸಿರುಬಿಟ್ಟು ಮತ್ತೆ ಮೊಳೆಗಳಿಗೆ ಕೈಹಾಕುತ್ತಿದ್ದ.

ಮರುವರ್ಷದ ಆಷಾಢದಲ್ಲಿ ಕೊನೆಗೂ ಪುಸ್ತಕ ಮುಗಿಯಿತು. ಭಾನುವಾರ ಯಲಹಂಕದಲ್ಲಿ ಒಂದು ಕನ್ನಡ ಸಂಘದವರು ಬಿಡುಗಡೆ ಇಟ್ಟುಕೊಂಡಿದ್ದರು. ಗುರುವಾರ ಪ್ರತಿಗಳನ್ನು ತರಲು ಹೋದಾಗ ಪ್ರೆಸ್ಸಿನಲ್ಲಿ ಶಾಯಿಗಿಂತ ಅರಿಶಿನದ ವಾಸನೆ ಜೋರಾಗಿತ್ತು. ಮುಖಪುಟಕ್ಕೆಂದು ಅವಳೇ ಆರಿಸಿದ್ದ ಅಚ್ಚ ಬಿಳಿಯ ರಟ್ಟು, ಸ್ಕೇಲಿಟ್ಟು ಅಳೆದು ಬಿಡಿಸಿದ್ದ ಅಂಚು, ಅದರ ನಾಲ್ಕೂ ಮೂಲೆಗೆ ಒಂದೊಂದು ಹೆಬ್ಬೆರಳಗಲ ಹಳದಿ. ಕಟ್ಟು ಬಿಚ್ಚಿ ನೋಡಿದಳು. ಪ್ರತಿಯೊಂದೂ ಹಾಗೆಯೇ.

"ಇದೇನಿದು?"

"ಅರಿಶಿನ, ಮೇಡಂ."

"ಅದು ಕಾಣ್ತಿದೆ. ಯಾಕೆ?"

"ಯಾಕೆ ಅಂದ್ರೆ?" ಶಿವಶರಣಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನಮ್ಮನೆಯವಳು ಚಂದ್ರವ್ವ ಕೂತು ಹಚ್ಚಿದಾಳೆ. ಒಂದೂ ಬಿಟ್ಟಿಲ್ಲ."

"ನಾನು ಹಚ್ಚಿ ಅಂದ್ನಾ?"

"ಹೇಳಿಸ್ಕೊಂಡು ಹಚ್ಚೋದಲ್ಲ ಕಣ್ರೀ ಇದು. ನಮ್ಮ ಪ್ರೆಸ್ಸಿಂದ ಬರೀ ಮೂಲೇಲಿ ಹೋಗೋದು ತಿಥಿ ಕಾರ್ಡೊಂದೇ. ಎರಡು ವರ್ಷ ಕಣ್ಮುಂದೆ ಇದ್ದ ಹುಡುಗಿ. ಹಂಗೆ ಕಳ್ಸೋಕೆ ನನ್ ಕೈಲಿ ಆಗ್ಲಿಲ್ಲ."

"ಅವಳು ಮದುವೇನೇ ಆಗಲ್ಲ. ನೀವೇ ಮೊಳೆ ಜೋಡಿಸಿದೀರಿ."

"ಅದಕ್ಕೇ ಅಲ್ವಾ," ಎಂದ ಶಿವಶರಣಪ್ಪ. "ಇಷ್ಟಾದ್ರೂ ಆಗ್ಲಿ, ಪಾಪ."

ಆಟೋದಲ್ಲಿ ಕಟ್ಟುಗಳ ನಡುವೆ ಕೂತು ಬರುವಾಗ ನಜ್ಮುನ್ನೀಸಾ ಹಲ್ಲು ಕಚ್ಚಿಕೊಂಡೇ ಇದ್ದಳು. ಮನೆಯಲ್ಲಿ ಅವಳ ತಾಯಿ ಕುಬ್ರಾ ಒಂದು ಪ್ರತಿಯನ್ನು ಕೈಗೆತ್ತಿಕೊಂಡು, ಮಗಳು ಕೈಕಾಲು ತೊಳೆದು ಬರುವಷ್ಟರಲ್ಲಿ ಒದ್ದೆ ಬಟ್ಟೆಗೆ ಬಾರ್ ಸೋಪು ತಿಕ್ಕಿ ಮೂಲೆ ಒರೆಸಿಬಿಟ್ಟಿದ್ದರು. ಹಳದಿ ಹೋಗಿ ಇಟ್ಟಿಗೆಯ ಕೆಂಪಾಯಿತು. ಅರಿಶಿನದ ಕಾಗದವನ್ನು ಸೋಪಿನ ನೀರಿಗೆ ಅದ್ದಿ, ಕ್ಷಾರವೆಂದರೆ ಇದು ಎಂದು ಪ್ರತಿವರ್ಷ ಹುಡುಗಿಯರಿಗೆ ತೋರಿಸುವವಳ ಮುಖಪುಟದ ಮೇಲೆಯೇ ಆ ಪಾಠ ನಡೆದಿತ್ತು.

"ಅಮ್ಮೀ, ಸೋಪು ಹಾಕಬಾರದು."

"ಮೊದಲೇ ಹೇಳೋದಲ್ವಾ ಬೇಟಾ," ಎಂದರು ಕುಬ್ರಾ. "ಹಂಗೇ ಬಿಡು. ಶಾದಿ ಕಾರ್ಡ್ ತರ ಚೆನ್ನಾಗೇ ಇದೆ. ನಿಂದಂತೂ ಪ್ರಿಂಟ್ ಆಗ್ಲಿಲ್ಲ."

ಅರಿಶಿನದ ಬಣ್ಣ ಬಿಸಿಲಿಗೆ ಹಾರುತ್ತದೆ ಎಂಬುದೊಂದು ಭರವಸೆ ಉಳಿದಿತ್ತು. ಕಾಲೇಜಿಗೆ ರಜೆ ಹಾಕಿ ತಾರಸಿಯ ಮೇಲೆ ಪುಸ್ತಕಗಳನ್ನೆಲ್ಲ ಹರವಿದಳು. ಆಷಾಢದ ಮೋಡ ಕದಲಲಿಲ್ಲ. ಗಾಳಿ ಮಾತ್ರ ಓದುಗರಿಗಿಂತ ಮೊದಲು ಇಡೀ ಕಾದಂಬರಿಯ ಪುಟ ತಿರುವಿ ಹಾಕಿತು. ತುಂತುರು ಬಿದ್ದಾಗಲೆಲ್ಲ ತಾಯಿ ಮಗಳು ಓಡಿ ಎತ್ತುವುದು, ನಿಂತಾಗ ಮತ್ತೆ ಹರವುವುದು. ಶನಿವಾರ ಸಂಜೆಗೆ ಹಳದಿ ಒಂದಿಷ್ಟು ತಿಳಿಯಾಗಿತ್ತೇ ಹೊರತು ಹೋಗಿರಲಿಲ್ಲ.

ಭಾನುವಾರ ಸಭೆ ಮುಗಿದ ಮೇಲೆ ಪುಸ್ತಕಗಳ ಮೇಜಿನ ಪಕ್ಕದಲ್ಲಿ ಅವಳು ನಿಂತಳು. ಜನ ಬಂದರು. ಬಂದವರು ಎರಡೂ ಕೈಚಾಚಿ ಪುಸ್ತಕ ತೆಗೆದುಕೊಂಡರು. ಕೆಲವರು ಕಣ್ಣಿಗೊತ್ತಿಕೊಂಡರು.

"ಯಾವತ್ತು ಮೇಡಂ?" ಎಂದರು ಒಬ್ಬರು.

"ಇದು ಕಾದಂಬರಿ."

"ಆಗ್ಲಿ ಆಗ್ಲಿ. ಮನೆಯವ್ರನ್ನೂ ಕರ್ಕೊಂಡು ಬರ್ತೀವಿ."

ಪುಸ್ತಕದ ದಪ್ಪ ನೋಡಿದ ಇನ್ನೊಬ್ಬರು, "ದೊಡ್ಡ ಸಂಬಂಧ ಇರ್ಬೇಕು," ಎಂದು ಪಕ್ಕದವರಿಗೆ ಹೇಳುತ್ತ ಚೀಲಕ್ಕೆ ಹಾಕಿಕೊಂಡರು. ಬೆಲೆ ಒಳಪುಟದಲ್ಲಿ ಅಚ್ಚಾಗಿತ್ತು. ಆದರೆ ಕಣ್ಣಿಗೊತ್ತಿಕೊಂಡ ವಸ್ತುವಿಗೆ ದುಡ್ಡು ಕೊಡಿ ಎನ್ನಲು ನಜ್ಮುನ್ನೀಸಾಗೆ ನಾಲಿಗೆ ಏಳಲಿಲ್ಲ. ನೋಡನೋಡುತ್ತ ಮೇಜು ಬರಿದಾಯಿತು.

"ನೋಡಿದ್ರಾ?" ಸಭೆಗೆ ಬಂದಿದ್ದ ಶಿವಶರಣಪ್ಪನ ಮುಖ ಅರಳಿತ್ತು. "ಒಂದೂ ಉಳೀಲಿಲ್ಲ."

ಬಾಯಿ ತೆರೆದರೆ ಜಗಳವೇ ಆಗುತ್ತದೆಂದು ಅವಳು ನಮಸ್ಕಾರ ಮಾಡಿ ಬಸ್ಸು ಹತ್ತಿದಳು. ಎರಡು ವರ್ಷದ ಕೆಲಸ ಲಗ್ನಪತ್ರಿಕೆಯಂತೆ ಹಂಚಿಹೋಗಿತ್ತು. ನಾಳೆ ಅವು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಕೊಂಡು ಕೂರುತ್ತವೆ, ಅಷ್ಟೇ.

ಮುಂದಿನ ಸೀಟಿನಲ್ಲಿ, ಸಭೆಯಲ್ಲಿ ಪ್ರಾರ್ಥನೆ ಹಾಡಿದ್ದ ಹುಡುಗಿ ಮತ್ತು ಅವಳ ಅಜ್ಜಿ ಕೂತಿದ್ದರು. ಹುಡುಗಿ ಪುಸ್ತಕ ಬಿಡಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದಳು. ಆಗಲೇ ನಾಯಕಿ ಅಂಗಡಿಯ ಬಾಗಿಲು ತೆಗೆದಿದ್ದಳು. ಅಜ್ಜಿ ಹಿಂತಿರುಗಿ ನೋಡಿ ಗುರುತು ಹಿಡಿದರು.

"ನೀವೇ ಅಲ್ವಾ ತಾಯಿ ಪತ್ರಿಕೆ ಕೊಟ್ಟೋರು? ನಾನು ಸೊಣ್ಣಮ್ಮ, ಜಕ್ಕೂರು. ಈ ಉಡ್ಗಿ ಮದ್ವೆ ಯಾವಾಗ?"

"ಮದುವೆ ಇಲ್ಲ ಅಜ್ಜಿ."

"ಕೊನೇಗಾನಾ?"

"ಕೊನೆಗೂ ಇಲ್ಲ."

ಸೊಣ್ಣಮ್ಮ ಮುಖಪುಟದ ಹಳದಿ ಮೂಲೆಯನ್ನು ನೋಡಿದರು, ಅವಳನ್ನು ನೋಡಿದರು. ಆಮೇಲೆ ಮೊಮ್ಮಗಳ ಕಡೆ ತಿರುಗಿದರು. "ಇಲ್ವಂತೆ. ಮುಂದೇನಾಯ್ತು, ಓದು."

ಹುಡುಗಿ ಓದಿದಳು. ಬಸ್ಸು ಜಕ್ಕೂರಿನಲ್ಲಿ ನಿಂತಿತು.

"ಅಜ್ಜಿ, ಇಳೀಬೇಕು."

"ಇನ್ನೊಂದ್ ಸ್ಟಾಪ್ ಓಗಾನ. ನಡ್ಕಂಡ್ ಬಂದ್ರಾಯ್ತು. ನೀನು ಓದು, ಆ ಮೇಷ್ಟ್ರು ರೇಡಿಯೋ ತಗಂಡ್ ಬಂದ, ಆಮೇಲೆ?"

ಆತುರದಲ್ಲಿ ಹುಡುಗಿ ಒಂದು ಪ್ಯಾರಾವನ್ನೇ ಹಾರಿಸಿಬಿಟ್ಟಳು. ಇಡೀ ಅಧ್ಯಾಯದಲ್ಲಿ ನಜ್ಮುನ್ನೀಸಾ ಅತಿ ಹೆಚ್ಚು ತಿದ್ದಿ ಬರೆದ ಪ್ಯಾರಾ ಅದು. ಹೇಳಲೆಂದು ಮುಂದಕ್ಕೆ ಬಾಗಿದಳು. ಅಜ್ಜಿಯ ತಲೆ ಪುಟದ ಕಡೆಗೆ ವಾಲಿದ್ದನ್ನು ಕಂಡು, ತಡೆದುಕೊಂಡು ಸೀಟಿಗೆ ಒರಗಿದಳು.