ರಾಜನ ಒಂದೇ ಜಿಗಿತ

ಮರಳು ಕಾಲಡಿಯಲ್ಲಿ ಕರಕರ ಅನ್ನುತ್ತಿದೆ, ಹಂಡೆಯೊಳಗೆ ನಿಂತು ಸೊಂಟ ತಿರುಗಿಸುತ್ತೇನೆ, ಎಡಕ್ಕೆ, ಬಲಕ್ಕೆ, ಎಡಕ್ಕೆ, ಕೈ ಗೋಡೆಯ ಮೇಲೆ, ತಾಮ್ರದ ಕಿಲುಬು ಬಿಡುವ ತನಕ ತಿಕ್ಕಬೇಕು, ಆಮೇಲೆ ಬೆಂಕಿ, ನವಸಾಗರದ ಹೊಗೆ, ಕಲಾಯಿ — ಚದುರಂಗದ ಮಣೆಯಲ್ಲಿ ವಕೀಲರ ರಾಜ ಮೂಲೆಯಲ್ಲಿದ್ದ, ಪಕ್ಕದಲ್ಲಿ ಅವರದೇ ಆನೆ, ಮುಂದೆ ಅವರದೇ ಸಿಪಾಯಿಗಳು, ತನ್ನವರ ನಡುವೆಯೇ ಉಸಿರು ಕಟ್ಟಿ ನಿಂತಿದ್ದ ಕೆಂಪು ರಾಜ, ನನ್ನ ಹಸಿರು ಕುದುರೆ ಹಾರಿ ಕೂತಿತು, ಶಹ ಅಂದೆ, ಅವರ ಕೈ ರಾಜನನ್ನು ಮೇಲೆತ್ತಿತು, ಮತ್ತೆ ಮೂಲೆಯಲ್ಲೇ ಇಟ್ಟಿತು, ಮುಗಿಯಿತು, ಮಾತ್, ಗೆದ್ದೆ. ಸಾಗರದಿಂದ, ಶಿರಸಿಯಿಂದ ಬಂದವರನ್ನೆಲ್ಲ ಜಗಲಿಯಲ್ಲಿ ಕೂರಿಸಿಕೊಂಡು ಸೋಲಿಸಿ ಕಳಿಸುವ ಸೊರಬದ ಕಮಲಾಕರ ವಕೀಲರನ್ನು, ನಾನು, ಶಿಕಾರಿಪುರದ ಕಲಾಯಿ ಅಂಗಡಿಯ ಅಮೀರ್ ಜಾನ್, ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಕಿದವನು, ಗೆದ್ದೆ. ಗೆದ್ದೆನೇ? ಬೆಳಿಗ್ಗೆಯವರೆಗೂ ಗೆದ್ದಿದ್ದೆ, ಈ ಹಂಡೆ ಹೊತ್ತುಕೊಂಡು ಗಿರಾಕಿ ಗುತ್ಯಪ್ಪ ಬರುವ ತನಕ ಗೆದ್ದಿದ್ದೆ. ಏನೋ ಅಮೀರ, ವಕೀಲ್ರನ್ನ ಸೋಲಿಸ್ದೆ ಅಂತ ಊರ್ತುಂಬ ಹೇಳ್ಕಂಡು ತಿರುಗ್ತಿದೀಯಂತೆ, ಮೊನ್ನೆ ಸೊರಬದಾಗೆ ಅವ್ರೇ ಅಂದ್ರಪ್ಪ, ಆಟ ಎಲ್ಲಿ ಮುಗೀತು, ನಮ್ ರಾಜಂಗೆ ಇನ್ನೂ ಜಿಗಿತ ಇತ್ತು, ಹುಡುಗ ಪಾಪ ಖುಷಿ ಪಡ್ತಿದ್ದ, ನಾನೂ ಊಟಕ್ಕೆದ್ದೆ ಅಂತ. ಪಾಪ ಅಂತೆ. ಮಾಲೀಕ ಅಜಮತ್ ಉಲ್ಲಾ ಸಾಹೇಬರು ಕುಲುಮೆಯ ತಿದಿ ಒತ್ತುವುದನ್ನೂ ನಿಲ್ಲಿಸಿ ನಕ್ಕರು, ಅರೆ ಬೇಟಾ, ಗೆದ್ದಿದ್ರೆ ನಂಗೇನು, ಸೋತಿದ್ರೆ ನಂಗೇನು, ಮೊದ್ಲು ಈ ಹಂಡೇನ ಗೆಲ್ಲು.

ಎಡಕ್ಕೆ, ಬಲಕ್ಕೆ. ಜಿಗಿತ ಇತ್ತು, ಸುಳ್ಳಲ್ಲ, ನಮ್ಮ ಸೀಮೆಯ ಆಟದಲ್ಲಿ ರಾಜನಿಗೆ ಒಂದೇ ಒಂದು ಸಲ ಕುದುರೆಯ ಹಾಗೆ ಜಿಗಿಯುವ ಹಕ್ಕಿದೆ, ಶಹ ಬಿದ್ದಾಗಲೂ ಜಿಗಿಯಬಹುದು, ಇಂಗ್ಲಿಷ್ ಕ್ರಮ ಬೇಡ ಕಣೋ, ನಮ್ಮ ಕ್ರಮದಲ್ಲೇ ಆಡಾಣ ಅಂತ ವಕೀಲರೇ ಹೇಳಿದ್ದರು, ಅದು ನನ್ನ ತಲೆಯಿಂದಲೇ ಹಾರಿಹೋಗಿತ್ತು, ಥೂ. ಜಿಗಿದರೆ ಎಲ್ಲಿಗೆ? ಮೂಲೆಯಿಂದ ಎರಡೇ ಮನೆ, ಒಂದರಲ್ಲಿ ಅವರದೇ ಸಿಪಾಯಿ, ಇನ್ನೊಂದರಲ್ಲಿ ನನ್ನ ಕುದುರೆ, ಕುದುರೆ ಎಲ್ಲಿಂದ ರಾಜನನ್ನು ಹಿಡಿದಿದೆಯೋ ರಾಜ ಜಿಗಿದರೆ ಅಲ್ಲಿಗೇ ಬೀಳುತ್ತಾನೆ, ನನ್ನ ಕುದುರೆಯನ್ನೇ ಹೊಡೆದು ಹೊರಗೆ ಬರುತ್ತಾನೆ, ಆಮೇಲೆ ನನ್ನ ಹತ್ತಿರ ಏನಿದೆ, ಏನೂ ಇಲ್ಲ, ಸೋಲು. ಆದರೆ ಕುದುರೆಗೆ ಕಾವಲಿದ್ದರೆ? ಕಾವಲಿರುವ ಮನೆಗೆ ರಾಜ ಕಾಲಿಡುವಂತಿಲ್ಲ. ಕುದುರೆ ಕಳಿಸೋಕೆ ಮುಂಚೆ ಹಿಂದೆ ಒಬ್ಬನ್ನ ನಿಲ್ಸೋ ಗಧೇ, ಅನ್ನುತ್ತಿದ್ದ ಜಹಾಂಗೀರ್ ಚಾಚಾ, ಇದೇ ಅಂಗಡಿಯ ಕಲ್ಲಿನ ಮೇಲೆ ಇದ್ದಿಲಲ್ಲಿ ಮನೆ ಬರೆದು, ಮುರಿದ ತವರದ ಚೂರುಗಳನ್ನು ರಾಜ ಮಂತ್ರಿ ಮಾಡಿ ಕಲಿಸಿದವನು, ಹೋದ ರಂಜಾನಿಗೆ ಮಣ್ಣಾದ, ಕಲ್ಲಿನ ಮೇಲಿನ ಗೆರೆ ಇನ್ನೂ ಇದೆ, ಎದುರಿಗೆ ಕೂರುವವರಿಲ್ಲ. ಒಂಟೆಯನ್ನು ನಿಲ್ಲಿಸಿದ್ದೆ ಚಾಚಾ, ಆಚೆ ಅಂಚಿನಲ್ಲಿ, ಓರೆಯಾಗಿ ಕುದುರೆಯನ್ನೇ ನೋಡುತ್ತಿತ್ತು, ಆದರೆ ನಡುವೆ ನನ್ನದೇ ಸಿಪಾಯಿಯೊಂದು ಅಡ್ಡ ನಿಂತಿತ್ತಲ್ಲ, ಅದನ್ನು ಸರಿಸಿದೆನೇ, ಸರಿಸಿದ್ದರೆ ಗೆಲುವು ನನ್ನದು, ಇಲ್ಲದಿದ್ದರೆ ವಕೀಲರ ಮಾತೇ ಮಾತು, ನಾನು ಪಾಪದ ಹುಡುಗ. ನೆನಪಾಗುತ್ತಿಲ್ಲ. ಆ ಎರಡು ಮೂರು ನಡೆಗಳೇ ತಲೆಯಲ್ಲಿಲ್ಲ, ಯಾಕೆಂದರೆ ಆಗಲೇ ಕಾಫಿ ಬಂದದ್ದು — ವಕೀಲರು ಜಗಲಿಯ ಮೇಲೆ ಚಾಪೆಯಲ್ಲಿ, ನಾನು ಕೆಳಗಿನ ಮೆಟ್ಟಿಲಲ್ಲಿ, ಮಣೆ ನನ್ನ ಗದ್ದದ ಮಟ್ಟಕ್ಕೆ, ಅವರ ಹೆಂಡತಿ ಸತ್ಯವತಮ್ಮ ಸೂರಿನ ಸಂದಿಯಲ್ಲಿದ್ದ ಗಾಜಿನ ಲೋಟ ತೋರಿಸಿ, ಅದನ್ನ ನೀನೇ ತಗೊಂಡು ತೊಳಕೋ ಮಾರಾಯ, ನಾನು ಮೇಲಿಂದ ಹಾಕ್ತೆ ಅಂದರು, ಒರಟಾಗಿ ಅಲ್ಲ, ಮೆತ್ತಗೆ, ಅದೇ ಹೊಟ್ಟೆ ಉರಿಸಿದ್ದು, ಅವರ ಅಡುಗೆಮನೆಯ ಪಾತ್ರೆಗಳೊಳಗೆಲ್ಲ ನನ್ನ ಕೈ ಆಡಿದೆ, ಅವರು ಉಣ್ಣುವ ಸಾರಿಗೆ ಕಿಲುಬು ಹತ್ತದಂತೆ ಕಾಯುವುದು ನಾನು ಹಚ್ಚಿದ ತವರ, ಲೋಟ ಮಾತ್ರ ಸೂರಿನಲ್ಲಿ. ಕಾಫಿ ಹೊಯ್ದರು, ನಾನು ಲೋಟವನ್ನೇ ನೋಡುತ್ತಿದ್ದೆ, ಕೈ ತಾನಾಗಿಯೇ ಆಡಿತು, ಏನು ಆಡಿತು, ಸಿಪಾಯಿ ಎಲ್ಲಿ, ಹೇಳು, ಹೇಳೋ ಕೈಯೇ. ಎಡಕ್ಕೆ, ಬಲಕ್ಕೆ, ಮರಳು, ಬೆವರು ಕಣ್ಣಿಗೆ ಇಳಿಯುತ್ತಿದೆ, ಇದನ್ನು ಯಾರನ್ನು ಕೇಳಲಿ, ಮಣೆಯ ಮುಂದಿದ್ದವರು ಇಬ್ಬರೇ, ನಾನು ಮತ್ತು ಸೋತವರು.

ಸೋತವರ ಕೈ. ತಡಿ. ಆ ಕೈ ಏನು ಮಾಡಿತು, ಬೆಳಿಗ್ಗೆಯಿಂದ ಅದನ್ನೇ ನೋಡುತ್ತಿದ್ದೇನೆ, ನೋಡಿಯೇ ಇಲ್ಲ. ಶಹ ಅಂದೆ. ವಕೀಲರು ನಶ್ಯದ ಡಬ್ಬಿ ಮುಚ್ಚಿದರು, ಕೈ ಬಂತು, ಹರಳಿನ ಉಂಗುರದ ಬೆರಳು, ರಾಜನ ತಲೆ ಹಿಡಿದು ಮೇಲೆತ್ತಿತು, ಮೂಲೆಯಿಂದ ಹೊರಗೆ ತಂದಿತು, ಜಿಗಿತ ಅವರಿಗೆ ನೆನಪಿತ್ತು, ಜಿಗಿಸುತ್ತಲೇ ಇದ್ದರು, ರಾಜ ನನ್ನ ಕುದುರೆಯ ನೆತ್ತಿಯ ಮೇಲೆ ಒಂದು ಬೆರಳಿನಷ್ಟು ಎತ್ತರದಲ್ಲಿ ನಿಂತ, ಆಗ ಅವರ ಕಣ್ಣು ಸರಿಯಿತು, ಓರೆಯಾಗಿ, ಒಂದೊಂದೇ ಮನೆ ದಾಟಿ, ಎಲ್ಲೂ ತಡೆಯದೆ, ಆಚೆ ಅಂಚಿನ ಒಂಟೆಯ ತನಕ — ಎಲ್ಲೂ ತಡೆಯಲಿಲ್ಲ! ನಡುವೆ ಸಿಪಾಯಿ ಇರಲಿಲ್ಲ, ದಾರಿ ತೆರೆದಿತ್ತು, ಕುದುರೆಗೆ ಕಾವಲಿತ್ತು, ನೋಡಿದರು, ರಾಜನನ್ನು ವಾಪಸು ಮೂಲೆಯಲ್ಲಿಟ್ಟರು. ಎಲೆ ಹಾಕಿದೀನಿ ಅಂತ ಒಳಗಿಂದ ಕರೆ ಬಂದದ್ದು ಅದಾದ ಮೇಲೆ, ಆಮೇಲೆಯೇ ಅಂಗೈಯಿಂದ ಎಲ್ಲ ಕಾಯಿಗಳನ್ನೂ ಚೀಲಕ್ಕೆ ಬಳಿದದ್ದು. ಗೊತ್ತಿತ್ತು ಅವರಿಗೆ. ಗೊತ್ತಿದ್ದೂ ಪಾಪ ಅಂದರು. ಗೆದ್ದೆ ಚಾಚಾ, ನಿಜಕ್ಕೂ ಗೆದ್ದೆ, ಗುತ್ಯಪ್ಪನಿಗೆ ಹೇಳಲೇ, ಕೈ ಮೇಲಿತ್ತು, ಕಣ್ಣು ಸರಿಯಿತು ಅಂತ, ಯಾರು ನಂಬುತ್ತಾರೆ, ಸೊರಬದ ಬಸ್ಸು ಹತ್ತಿ ಆ ಮೆಟ್ಟಿಲ ಕೆಳಗೆ ನಿಂತು ಕೂಗಲೇ, ವಕೀಲರೇ ನಿಮ್ಮ ಕಣ್ಣು ಒಂಟೆಯನ್ನು ನೋಡಿತ್ತು ಅಂತ, ನಗುತ್ತಾರೆ, ಕಾಫಿ ಕುಡೀತೀಯೇನೋ ಅನ್ನುತ್ತಾರೆ, ಲೋಟ ಸೂರಿನಲ್ಲಿದೆ. ಅರೆ ಅಮೀರ್, ಕಾಲ್ಯಾಕೋ ನಿಂತೋತು, ನಿದ್ದೆ ಹೊಡೀತೀಯೇನೋ ಹಂಡ್ಯಾಗೆ, ಸಾಹೇಬರು. ಮರಳು ಸುಮ್ಮನಾಗಿದೆ. ಉಂಗುರದ ಬೆರಳು, ಕೆಂಪು ರಾಜ, ಕೆಳಗೆ ನನ್ನ ಕುದುರೆ, ನಡುವೆ ಒಂದು ಬೆರಳಿನಷ್ಟು ಗಾಳಿ, ಇಳಿಯುವುದಿಲ್ಲ, ಇಳಿಯುವುದಿಲ್ಲ —