ಕತ್ತರಿ ತಾಗದ ಗೋಧಿ ಹುಲ್ಲು

ಲಿಂಗಸುಗೂರಿನ ಮಕ್ಕಳ ಡಾಕ್ಟರು ರಿಪೋರ್ಟಿನಿಂದ ತಲೆ ಎತ್ತುವ ಮೊದಲೇ ರಾಜಶ್ರೀಗೆ ಗೊತ್ತಾಗಿಬಿಟ್ಟಿತ್ತು. ಅವರ ತುಟಿ ಒಂದು ಕಡೆಗೆ ವಾಲಿತು. ಹೋದ ಸಲವೂ ಹೀಗೇ ವಾಲಿತ್ತು. ಮಗಳ ರಕ್ತದಲ್ಲಿ ಇಳಿಯಬೇಕಾದದ್ದು ಇಳಿದಿಲ್ಲ, ತೂಕ ಏರಬೇಕಾದಷ್ಟು ಏರಿಲ್ಲ, ಎಲ್ಲಿಂದಲೋ ಗೋಧಿ ಹೊಟ್ಟೆಗೆ ಹೋಗುತ್ತಿದೆ ಎಂದರು. ತಾಯಿಯಾದವಳು ಇಷ್ಟು ನಿರ್ಲಕ್ಷ್ಯ ಮಾಡಿದರೆ ಹೇಗೆ ಎಂದು, ಹೊರಗಿನ ಬೆಂಚಿನವರೆಗೂ ಕೇಳುವ ಹಾಗೆ ಕೇಳಿದರು.

ರಾಜಶ್ರೀಗೆ ಸಿಟ್ಟು ಬಂತು. ನಿರ್ಲಕ್ಷ್ಯವಂತೆ. ಮಗಳು ಐಶ್ವರ್ಯಳ ಹೊಟ್ಟೆ ನೀರಿನ ಕೊಡದ ಹಾಗೆ ಉಬ್ಬಿ, ಕೈಕಾಲು ಜೋಳದ ದಂಟಿನ ಹಾಗೆ ಒಣಗಿದಾಗ, ಹುಳ ಅಂದವರ ಮಾತು ಕೇಳಿ ಹುಳಕ್ಕೆ ಔಷಧಿ ಕುಡಿಸಿದ್ದಳು, ದೃಷ್ಟಿ ಅಂದವರ ಮಾತು ಕೇಳಿ ದೃಷ್ಟಿ ತೆಗೆಸಿದ್ದಳು. ಕೊನೆಗೆ ರಾಯಚೂರಿನ ದೊಡ್ಡ ಆಸ್ಪತ್ರೆಯಲ್ಲಿ ಬಾಯಿಯಿಂದ ನಳಿಗೆ ಇಳಿಸಿ ನೋಡಿ, ಗೋಧಿಯೊಳಗಿನ ಗ್ಲುಟೆನ್ ಅನ್ನುವ ಅಂಟು ಈ ಹುಡುಗಿಗೆ ಆಗುವುದಿಲ್ಲ, ಕರುಳಿನ ಒಳಗೋಡೆಯೆಲ್ಲ ಕೆಟ್ಟಿದೆ, ಜೀವನಪೂರ್ತಿ ಗೋಧಿಯ ಒಂದು ಚೂರೂ ತಾಗಿಸಬೇಡಿ ಎಂದಿದ್ದರು. ಅವತ್ತಿನಿಂದ ಮಸ್ಕಿಯ ಆ ಮನೆಯಲ್ಲಿ ಚಪಾತಿ ನಿಂತಿತು. ರವೆ, ಶಾವಿಗೆ, ಬಿಸ್ಕಿಟು, ಹಬ್ಬದ ಗೋಧಿ ಹುಗ್ಗಿ, ಎಲ್ಲವೂ ಹೋದವು. ಡಬ್ಬಿಯ ಇಂಗಿನಲ್ಲೂ ಗೋಧಿ ಹಿಟ್ಟು ಬೆರೆಸುತ್ತಾರೆಂದು ತಿಳಿದ ದಿನ ಇಂಗನ್ನೂ ಎಸೆದಳು. ಶಾಲೆಯ ಅಡುಗೆಯವರ ಮುಂದೆ ಕೈ ಜೋಡಿಸಿ ಬಂದಳು.

ಊಟಕ್ಕೆ ಕೊರತೆ ಇರಲಿಲ್ಲ. ರಾಜಶ್ರೀಯ ದುಡಿಮೆಯೇ ಜೋಳದ ರೊಟ್ಟಿ. ಸಿಂಧನೂರಿನ ಖಾನಾವಳಿಗಳಿಗೆ ದಿನಾ ಅವಳ ಕೈಯ ಖಡಕ್ ರೊಟ್ಟಿ ಹೋಗುತ್ತಿತ್ತು. ಗಂಡ ವೀರೇಂದ್ರ ಅಲ್ಲಿಯದೇ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ, ಹೋಗುವಾಗ ರೊಟ್ಟಿಯ ಗಂಟು ಒಯ್ಯುತ್ತಿದ್ದ, ಬರುವಾಗ ನುಚ್ಚಕ್ಕಿ ತರುತ್ತಿದ್ದ. ಜೋಳ, ಅಕ್ಕಿ ಇರುವ ಸೀಮೆಯಲ್ಲಿ ಹುಟ್ಟಿದ್ದೇ ಮಗಳ ಪುಣ್ಯ ಎಂದು ಓಣಿಯವರೆಲ್ಲ ಅಂದವರೇ. ಹಾಗಿದ್ದ ಮೇಲೆ ಗೋಧಿ ಎಲ್ಲಿಂದ ಬರುತ್ತಿದೆ?

ಊರಿನ ಹಿಟ್ಟಿನ ಗಿರಣಿಯಿಂದಲೇ ಎಂದು ಅವಳಿಗೆ ಖಾತ್ರಿಯಿತ್ತು. ಗಿರಣಿಯ ಬಾಬುಸಾಬ್ ಜೋಳ, ಗೋಧಿ ಎರಡನ್ನೂ ಒಂದೇ ಕಲ್ಲಿನಲ್ಲಿ ಬೀಸುವವನು. ರಾಜಶ್ರೀ ಅವನು ಶಟರ್ ಎತ್ತುವ ಹೊತ್ತಿಗೇ ಡಬ್ಬಿ ಹಿಡಿದು ನಿಲ್ಲುತ್ತಿದ್ದಳು. ಹಿಂದಿನ ದಿನದ ಹಿಟ್ಟೆಲ್ಲ ಝಾಡಿಸಿ, ಮೊದಲು ಒಂದಿಷ್ಟು ಎಮ್ಮೆಗೆ ಹಾಕುವ ಜೋಳ ಬೀಸಿ, ಆಮೇಲೆ ತನ್ನದನ್ನು ಹಾಕಿಸುತ್ತಿದ್ದಳು. ಲಿಂಗಸುಗೂರಿನಿಂದ ಬಂದವಳು ಬಸ್ಸಿಳಿದು ಮನೆಗೂ ಹೋಗದೆ ಸೀದಾ ಗಿರಣಿಗೆ ಹೋಗಿ, ನೀವು ಕಲ್ಲು ಸರಿಯಾಗಿ ಝಾಡಿಸುವುದಿಲ್ಲ ಎಂದು ಜಗಳ ತೆಗೆದಳು. ಬಾಬುಸಾಬ್ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಮೈಮೇಲಿನ ಹಿಟ್ಟು ಹೊಡೆದುಕೊಂಡ.

"ನಿನ್ನ ಜ್ವಾಳ ಬೀಸೋ ಮುಂದ ನಮಾಜಿಗಿ ನಿಂತಂಗ ನಿಂದರ್ತೀನವ್ವ ತಂಗಿ. ಇನ್ನೇನ್ ಮಾಡ್ಲಿ, ಕಲ್ಲಿಗಿ ಝಳಕ ಮಾಡಿಸ್ಲೇನು?"

ಸರದಿಯಲ್ಲಿ ಕುಂತಿದ್ದ ಹೆಂಗಸರು ನಕ್ಕರು. ರಾಜಶ್ರೀ ನಗಲಿಲ್ಲ. ಇನ್ನು ಮೇಲೆ ಮನೆಯಲ್ಲೇ ಬೀಸುವ ಕಲ್ಲು ಹೂಡುತ್ತೇನೆ ಎಂದು ಹೇಳಿ ಬಂದಳು. ಅಷ್ಟು ಜನಕ್ಕೆ ರೊಟ್ಟಿ ಬಡಿಯುವವಳು ಬೀಸುವುದು ಯಾವಾಗ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಮನೆಯ ಹಿತ್ತಲಲ್ಲಿ ಅತ್ತೆ ಜಂಬಮ್ಮನ ಹಸಿರು ಟ್ರೇಗಳು ಸಾಲಾಗಿ ಇದ್ದವು. ಜಂಬಮ್ಮನಿಗೆ ಒಮ್ಮೆ ರಕ್ತ ಕಡಿಮೆಯಾಗಿ ತಲೆಸುತ್ತು ಬರುತ್ತಿತ್ತು. ಟೀವಿಯಲ್ಲಿ ಯಾರೋ ಗೋಧಿ ಹುಲ್ಲಿನ ರಸದ ಬಗ್ಗೆ ಹೇಳಿದ್ದನ್ನು ಕೇಳಿ, ಗೋಧಿ ನೆನೆಹಾಕಿ, ಮೊಳಕೆ ಬರಿಸಿ, ಮಣ್ಣು ಗೊಬ್ಬರದ ಮೇಲೆ ಹರವಿ, ಗೇಣುದ್ದ ಬೆಳೆಸಿ ಕುಡಿಯತೊಡಗಿದಳು. ರಸದಿಂದಲೋ, ಡಾಕ್ಟರು ಕೊಟ್ಟ ಗುಳಿಗೆಯಿಂದಲೋ, ಅಂತೂ ತಲೆಸುತ್ತು ಹೋಯಿತು. ಗುಳಿಗೆಯ ಹೆಸರು ಆಕೆ ಎಂದೂ ಎತ್ತಲಿಲ್ಲ. ಮೊಮ್ಮಗಳ ಬಿಳಿಚಿದ ಮುಖ ನೋಡಿ, ಇವಳಿಗೂ ಕುಡಿಸೋಣ ಎಂದು ಹಟ ಹಿಡಿದಳು. ಗೋಧಿಯದು ಬೇಡ ಎಂದು ರಾಜಶ್ರೀ ಎಷ್ಟು ಸಲ ಅಂದರೂ ಆಕೆಯದು ಒಂದೇ ಮಾತು.

"ಹುಲ್ಲಿನ್ಯಾಗ ಗೋಧಿ ಎಲ್ಲೈತಿ? ಆಕಳ ಹುಲ್ಲು ತಿಂತೈತಿ ಅಂತ ಹಾಲಿನ್ಯಾಗ ಹುಲ್ಲು ಬರ್ತೈತೇನು?"

ತೀರ್ಮಾನ ಮಾಡಲು ವೀರೇಂದ್ರ ಡಾಕ್ಟರಿಗೆ ಫೋನ್ ಹಚ್ಚಿದ. ಬರೀ ಎಲೆಯಲ್ಲಿ ಆ ಅಂಟು ಇರುವುದಿಲ್ಲ, ಆದರೆ ಕಾಳು ಬೆರೆತರೆ ಅಪಾಯ, ಆದ್ದರಿಂದ ಕೊಡದೇ ಇರುವುದು ಒಳ್ಳೆಯದು ಎಂದು ಅವರು ಹೇಳಿದ್ದರಂತೆ. ವೀರೇಂದ್ರನ ಕಿವಿಯಲ್ಲಿ ಉಳಿದದ್ದು ಮೊದಲಿನ ಅರ್ಧ. ಇನ್ನರ್ಧವನ್ನು ರಾಜಶ್ರೀಯೇ ಅವನ ಬಾಯಿಂದ ಅಗೆದು ತೆಗೆಯಬೇಕಾಯಿತು. ದಿನಾ ಬೆಳಗಿನ ಜಗಳದಿಂದ ಅವಳಿಗೂ ಸಾಕಾಗಿತ್ತು. ಬುಡದಿಂದ ಮೇಲೆ ಕತ್ತರಿಸಿದ ಎಲೆ ಮಾತ್ರ, ಬೇರೆ ಏನೂ ಇಲ್ಲ ಎಂದು ಕರಾರು ಮಾಡಿ ಒಪ್ಪಿದಳು. ಜಂಬಮ್ಮ ಆಯಿತು ಎಂದು ಗೋಣು ಹಾಕಿದಳು. ಅಂದಿನಿಂದ ದಿನಾ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಮಿಕ್ಸರ್ ಗುರ್ ಎನ್ನುವುದು, ಐಶ್ವರ್ಯ ಮೂಗು ಮುಚ್ಚಿಕೊಂಡು ಲೋಟ ಖಾಲಿ ಮಾಡುವುದು. ರಾಜಶ್ರೀ ಒಲೆಯ ಮುಂದೆ, ಅತ್ತ ಬೆನ್ನು ಮಾಡಿ, ರೊಟ್ಟಿ ಬಡಿಯುತ್ತ ಇರುತ್ತಿದ್ದಳು.

ಗಿರಣಿಯ ಜಗಳವಾಗಿ ಒಂದು ವಾರವೂ ಆಗಿರಲಿಕ್ಕಿಲ್ಲ, ಬೆಳಗ್ಗೆ ಕರೆಂಟು ಹೋಯಿತು. ಮಿಕ್ಸರ್ ತಿರುಗಲಿಲ್ಲ. ಜಂಬಮ್ಮ ಹುಲ್ಲಿನ ಬುಟ್ಟಿ ಎತ್ತಿಕೊಂಡು ಅಡುಗೆಮನೆಯ ಮೂಲೆಯ ರುಬ್ಬುವ ಕಲ್ಲಿನ ಮುಂದೆ ಬಂದು ಕುಂತಳು. ಹಿಟ್ಟಿನ ಡಬ್ಬಿಗೆಂದು ತಿರುಗಿದ ರಾಜಶ್ರೀಯ ಕೈ ಹಾಗೆಯೇ ನಿಂತಿತು. ಕಲ್ಲಿನ ಕುಳಿಯಲ್ಲಿ ಹಸಿರಿನ ಜೊತೆ ಬಿಳಿಯ ಬೇರಿನ ಜಡೆ. ಜಡೆಯ ತುಂಬ ಉಬ್ಬಿದ ಕಾಳು.

"ಅತ್ತೀ, ಬ್ಯಾರ ಸಮೇತ ರುಬ್ಬಾಕತ್ತೀರಲ್ಲ."

"ತೊಳದೀನಿ. ಒಂದೀಟೂ ಮಣ್ಣಿಲ್ಲ ನೋಡು."

"ಕತ್ತರಿಸ್ರಿ ಅಂದಿದ್ನಲ್ರಿ."

ಜಂಬಮ್ಮ ಸೊಸೆಯ ಮುಖವನ್ನೇ ನೋಡಿದಳು. ಎಂಥ ಮಾತಾಡುತ್ತಾಳೆ ಇವಳು ಎನ್ನುವ ಹಾಗೆ.

"ಸಸಿಗಿ ಕತ್ತರಿ ಹಚ್ಚತಾರೇನು? ನಿಮ್ಮ ತವರಾಗ ಹಚ್ಚತಿದ್ರೇನ?"

ಆಗ ರಾಜಶ್ರೀಗೆ ಹೊಳೆಯಿತು. ಗುರುಗುಂಟಾದಲ್ಲಿ ಜಂಬಮ್ಮನ ತವರಿನಲ್ಲಿ ನವರಾತ್ರಿಗೆ ದೇವಿಯ ಘಟ ಕೂಡಿಸುವಾಗ ಮಣ್ಣಿನಲ್ಲಿ ಗೋಧಿ ಹಾಕುತ್ತಾರೆ. ಹಬ್ಬದ ಕೊನೆಗೆ ಆ ಸಸಿಗಳನ್ನು ಕೈಯಿಂದಲೇ, ಬೇರು ಹರಿಯದ ಹಾಗೆ ಕೀಳುತ್ತಾರೆ. ಹೆಂಗಸರು ಮುಡಿಯುತ್ತಾರೆ, ಗಂಡಸರು ರುಮಾಲಿಗೆ ಸಿಕ್ಕಿಸಿಕೊಳ್ಳುತ್ತಾರೆ. ಮಣ್ಣಿನಲ್ಲಿ ನಿಂತಿರುವಾಗ ಅದಕ್ಕೆ ಕಬ್ಬಿಣ ತಾಗಿಸಿದರೆ ಮನೆಯ ಮಕ್ಕಳಿಗೆ ಕೇಡು ಎಂಬುದು ಜಂಬಮ್ಮ ತೊಟ್ಟಿಲಲ್ಲಿ ಕೇಳಿದ ಮಾತು. ಮಣ್ಣಿನಿಂದ ಹಸಿರಾಗಿ ಎದ್ದ ಗೋಧಿ ಆಕೆಯ ಕೈಗೆ ದೇವಿಯ ಸಸಿಯೇ, ಅದು ಘಟದಲ್ಲಿರಲಿ, ಪ್ಲಾಸ್ಟಿಕ್ ಟ್ರೇಯಲ್ಲಿರಲಿ. ಮೊಮ್ಮಗಳ ಹೆಸರಿನಲ್ಲಿ ಬೆಳೆದದ್ದಕ್ಕೆ ಕತ್ತರಿ ಹಾಕುವುದು ಆಕೆಯಿಂದ ಆಗುವ ಕೆಲಸವೇ ಅಲ್ಲ.

"ಮಳಕಿ ಒಡದ ಮ್ಯಾಲ ಅದು ಕಾಳ ಎಲ್ಲಿ ಉಳೀತವ್ವ," ಎಂದಳು ಜಂಬಮ್ಮ, ಈ ಸಲ ದನಿ ಸ್ವಲ್ಪ ಇಳಿಸಿ. "ಕಾಳಿನ ಜೀವ ಎಲ್ಲಾ ಹುಲ್ಲಿಗಿ ಹೋಗಿರ್ತೈತಿ."

ರಾಜಶ್ರೀ ಒಂದು ಕಾಳು ಕಿತ್ತು ಎರಡು ಬೆರಳ ನಡುವೆ ಒತ್ತಿದಳು. ಹಾಲಿನಂಥ ಹಿಟ್ಟು ಚಿಮ್ಮಿ, ಬೆರಳಿಗೆ ಬೆರಳು ಅಂಟಿತು. ಅತ್ತೆಯ ಕಣ್ಣ ಮುಂದೆ ಬೆರಳು ಬಿಡಿಸಿ ತೋರಿಸಿದಳು. ಹೆಂಚಿನ ಮೇಲಿನ ರೊಟ್ಟಿ ಸುಟ್ಟು ವಾಸನೆ ಬಂದರೂ ತಿರುಗಿ ನೋಡಲಿಲ್ಲ.

"ಊರ ಮಂದಿ ಕೂಡ ಜಗಳಾಡಿ ಬಂದೀನಿ ನಾನು. ನೀವು ದಿನಾ ಮುಂಜಾನಿ ಇದನ್ನ ಕುಡಿಸೀರಿ."

ಜಂಬಮ್ಮ ಕುಳಿಯಲ್ಲಿದ್ದದ್ದನ್ನು ಕೈಯಿಂದ ಬಳಿದು ತೆಗೆದಳು. ಹಿತ್ತಲಿಗೆ ಹೋಗಿ ಟ್ರೇಗಳನ್ನೆಲ್ಲ ಒಂದೊಂದಾಗಿ ಹೊತ್ತು ಪಕ್ಕದ ಮನೆಯ ಹುಸೇನ್‌ಬೀಯ ಆಡುಗಳ ಮುಂದೆ ಸುರಿದು ಬಂದಳು. ಗೋಧಿ ಅರೆದ ಮಿಕ್ಸರಿನ ಜಾರೂ ಇನ್ನು ಮನೆಯಲ್ಲಿರಬಾರದು ಎಂದು ರಾಜಶ್ರೀ ಅಂದಾಗ ಅದನ್ನೂ ತಂದು ಹೊರಗಿಟ್ಟಳು. ಸಂಜೆ ಸುದ್ದಿ ಕೇಳಿದ ವೀರೇಂದ್ರ, ಹೋಗಲಿ ಬಿಡು, ಗೊತ್ತಿಲ್ಲದೆ ಆಯಿತು ಎಂದ. ಅತ್ತೆಯ ಮೇಲೆ ಬರದಷ್ಟು ಸಿಟ್ಟು ರಾಜಶ್ರೀಗೆ ಆ ಮಾತಿನ ಮೇಲೆ ಬಂತು. ಅಷ್ಟೂ ತಿಂಗಳು ಕೆಟ್ಟದ್ದು ಮಗಳ ಕರುಳು. ಹೋಗಲಿ ಬಿಡು ಎನ್ನಲು ಅದು ಯಾರ ಅಪ್ಪನ ಮನೆಯ ಸ್ವತ್ತು?

ಮುಂದಿನ ಸಲ ಲಿಂಗಸುಗೂರಿಗೆ ಹೊರಟಾಗ ಜಂಬಮ್ಮ ಯಾರನ್ನೂ ಕೇಳದೆ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದಳು. ಡಾಕ್ಟರು ಹುಡುಗಿಯನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ಮುಖ ಸಿಂಡರಿಸಿ, ಗೋಧಿ ಎಲ್ಲಿಂದ ಹೋಗುತ್ತಿತ್ತೆಂದು ಪತ್ತೆಯಾಯಿತೇ ಎಂದರು. ರಾಜಶ್ರೀ ಬಾಯಿ ತೆರೆಯುವಷ್ಟರಲ್ಲಿ ಜಂಬಮ್ಮ ಮುಂದೆ ಬಂದಳು.

"ಕೊಟ್ಟಾಕಿ ನಾನ್ರಿ. ಸಸಿ ಬ್ಯಾರ ಸಮೇತ ರುಬ್ಬಿ ಕುಡಿಸೀನಿ."

ಡಾಕ್ಟರು ಆಕೆಗೆ ಮೆತ್ತಗೆ ತಿಳಿಸಿ ಹೇಳಿದರು. ಮೊಳಕೆ ಬಂದರೂ ಗೋಧಿ ಗೋಧಿಯೇ ಅಜ್ಜಿ, ಬೇರಿಗೆ ಅಂಟಿದ ಕಾಳೂ ಗೋಧಿಯೇ ಎಂದರು. ಆಮೇಲೆ ರಾಜಶ್ರೀಯ ಕಡೆ ತಿರುಗಿ, ಮನೆಯಲ್ಲಿ ಏನು ನಡೆಯುತ್ತಿದೆ ಎಂದು ತಾಯಿ ನೋಡಿಕೊಳ್ಳಬೇಕಲ್ಲವೇ ಎಂದು ಮತ್ತೆ ಶುರು ಮಾಡಿದರು. ರಾಜಶ್ರೀ ತಲೆ ತಗ್ಗಿಸಿ ಕೇಳಿದಳು. ಕೇಳಿ ಕೇಳಿ ರೂಢಿಯಾಗಿತ್ತು. ರೂಢಿಯಾಗದವಳು ಜಂಬಮ್ಮ.

"ಆಕಿಗ್ಯಾಕ ಬೈತೀರಿ ಸಾಹೇಬ್ರ? ಕೈ ನಂದು, ಬೈಗಳ ಆಕಿಗೇನು?"

ಡಾಕ್ಟರು ಚೀಟಿ ಬರೆದರು. ಇಷ್ಟು ದಿನದ್ದು ಲೆಕ್ಕಕ್ಕಿಲ್ಲ, ಪಥ್ಯ ಈಗ ಹೊಸದಾಗಿ ಶುರು ಎಂದುಕೊಳ್ಳಿ, ಕರುಳು ಮಾಯಲು ತಿಂಗಳುಗಟ್ಟಲೆ ಬೇಕು, ಆಮೇಲೆ ಮತ್ತೆ ರಕ್ತ ನೋಡೋಣ ಎಂದರು. ಮತ್ತೆ ಮೊದಲಿನಿಂದ. ಇಷ್ಟು ದಿನದ ಕಾವಲೆಲ್ಲ ನೀರಿನಲ್ಲಿ ಹೋಯಿತು.

ಬಸ್ ಸ್ಟ್ಯಾಂಡಿನಲ್ಲಿ ಐಶ್ವರ್ಯ ಬಜ್ಜಿಯ ಬಂಡಿ ನೋಡಿ ಅಜ್ಜಿಯ ಸೆರಗು ಎಳೆದಳು. ಜಂಬಮ್ಮ ಸೀದಾ ಹೋಗಿ ಬಂಡಿಯವನ ಮುಂದೆ ನಿಂತಳು. ಹಿಟ್ಟು ಬರೀ ಕಡಲೆಯದೋ, ಬೇರೇನಾದರೂ ಬೆರೆಸಿದ್ದೀಯೋ ಎಂದು ಕೇಳಿದಳು. ಕಡಲೆಯದೇ ಎಂದ. ಇದೇ ಎಣ್ಣೆಯಲ್ಲಿ ಪೂರಿ ಕರಿದಿದ್ದೀಯಾ ಎಂದಳು. ಬೆಳಗ್ಗೆ ಕರಿದಿದ್ದೆ, ಈಗ ಇಲ್ಲ ಎಂದ. ಹಾಗಾದರೆ ಎಣ್ಣೆ ಬದಲಿಸಿದ್ದೀಯಾ ಎಂದಳು. ಅವನು ಸಾರಣಿಗೆ ಕೆಳಗಿಟ್ಟು, ಮುದುಕಿ ಯಾವ ಇಲಾಖೆಯವಳು ಎಂದು ಅತ್ತಿತ್ತ ನೋಡಿದ. ಅಷ್ಟರಲ್ಲಿ ಸಿಂಧನೂರು ಬಸ್ಸು ಮಸ್ಕಿ, ಮಸ್ಕಿ ಎಂದು ಕೂಗಿಸಿಕೊಂಡು ಬಂದು ಹೋಗಿಯೂ ಬಿಟ್ಟಿತು. ರಾಜಶ್ರೀ ಕೂಗಿದ್ದು ಅತ್ತೆಗೆ ಕೇಳಲೇ ಇಲ್ಲ.

ಮನೆಯಲ್ಲಿ ಖಾನಾವಳಿಯ ರೊಟ್ಟಿ ಬಾಕಿ ಇತ್ತು. ಮುಂದಿನ ಬಸ್ಸು ಯಾವಾಗಲೋ. ಅವಳ ಮೈಯೆಲ್ಲ ಉರಿಯಿತು. ಜಂಬಮ್ಮ ಬಾಳೆಹಣ್ಣಿನ ಚಿಪ್ಪು ಹಿಡಿದು ತಿರುಗಿ ಬಂದಳು. ಒಂದು ಹಣ್ಣು ಬಿಡಿಸಿ ಹುಡುಗಿಯ ಬಾಯಿಯ ಹತ್ತಿರ ಒಯ್ದವಳು ಅಲ್ಲೇ ತಡೆದಳು.

"ಇದರಾಗ ಇರಂಗಿಲ್ಲ, ಹೌದಿಲ್ಲೋ?"

"ಇರಂಗಿಲ್ರಿ," ಎಂದಳು ರಾಜಶ್ರೀ. "ಕೊಡ್ರಿ."