ಸಚಿವನಿಗೆ ನಾಲ್ಕನೇ ಅರ್ಥ

ನಿಘಂಟು ಕಚೇರಿಯಲ್ಲಿ ಎಲ್ಲರೂ ಅವಳನ್ನು ಕಾರ್ಡಮ್ಮ ಎನ್ನುತ್ತಿದ್ದರು. ಪದಗಳ ಕಾರ್ಡುಗಳಿಗೆಲ್ಲ ಅವಳೇ ದಿಕ್ಕು. ಒಂಬತ್ತು ವರ್ಷದಿಂದ ತಾತ್ಕಾಲಿಕ ನೌಕರಿ; ಕಾಯಂ ಮಾಡುವ ಫೈಲು ಸಚಿವರ ಮೇಜಿನ ಮೇಲೆ ತೆಪ್ಪಗೆ ಕೂತಿತ್ತು. ಈ ಸಲ ಸಹಿ ಬೀಳದಿದ್ದರೆ ಮುಂದಿನ ತಿಂಗಳು ಅವಳಿಗೆ ಮನೆಯೇ ಗತಿ.

ಅಂಥ ಹೊತ್ತಿನಲ್ಲೇ ಸಚಿವರ ಆಪ್ತ ಸಹಾಯಕ ನಿಘಂಟಿನ ಹೊಸ ಸಂಪುಟದ ಕರಡು ಹಿಡಿದು ಬಂದ. ಪುಸ್ತಕ ಬಿಡುಗಡೆ ಮಾಡುವವರು ಸಚಿವರೇ. ತಮ್ಮ ಹುದ್ದೆಯ ಪದ ಹುಡುಕಿ ಓದಿದ್ದೇ ತಡ, ಅವರ ಪಿತ್ತ ನೆತ್ತಿಗೇರಿತ್ತು.

“ಸಚಿವ ಅಂದ್ರೆ ಜೊತೆಗಿರೋನು, ನೆರವಿಗೆ ನಿಲ್ಲೋನು ಅಂತ ಬರೆದಿದ್ದೀರಲ್ಲಮ್ಮ. ನಮ್ಮ ಸಾಹೇಬ್ರು ಯಾರ ಹಿಂದೆ ಚೀಲ ಹಿಡ್ಕೊಂಡು ಓಡಾಡ್ತಾರೆ?”

“ಪದ ಹುಟ್ಟಿದ್ದೇ ಹಾಗೆ ಸಾರ್. ಮಂತ್ರಿ ಅನ್ನೋ ಅರ್ಥ ಆಮೇಲೆ ಬಂತು.”

“ಆಳುವವನು ಅಂತ ಸೇರಿಸಿ. ಮೊದಲಿಗೇ ಇರ್ಲಿ. ನಿಮ್ಮ ಫೈಲೂ ನನ್ನ ಕೈಲೇ ಇದೆ.”

ಅವಳು ಪ್ರಧಾನ ಸಂಪಾದಕರ ಕುರ್ಚಿಯತ್ತ ನೋಡಿದಳು. ಆ ಮಹಾಶಯರು ಹಲ್ಲುನೋವೆಂದು ಕೆನ್ನೆ ಹಿಡಿದು ಆಗಲೇ ಜಾರಿಕೊಂಡಿದ್ದರು. ಆದರೂ ಕಚೇರಿಯ ನಿಯಮ ಕಾರ್ಡಮ್ಮನಿಗೆ ಬಾಯಿಪಾಠ: ಅಚ್ಚಾದ ಪ್ರಯೋಗವಿಲ್ಲದೆ ಅರ್ಥವಿಲ್ಲ, ಹಳೆಯ ಅರ್ಥ ಮೊದಲು, ಪ್ರತಿ ಅರ್ಥದ ಕೆಳಗೆ ಬರೆದವರ ಹೆಸರು, ಕೆಲಸ.

“ಯಾರಾದ್ರೂ ಹಾಗೆ ಬರೆದಿದ್ದು ತೋರ್ಸಿ ಸಾರ್, ಸೇರಿಸ್ತೀನಿ.”

ಎರಡು ದಿನ ಇಡೀ ಇಲಾಖೆ ಬೇರೆ ಕೆಲಸವಿಲ್ಲದೆ ಹುಡುಕಿತು. (ಬೇರೆ ಕೆಲಸ ಎಂದೂ ಇರಲಿಲ್ಲ, ಆ ಮಾತು ಬೇರೆ.) ಕೊನೆಗೆ ಸಿಕ್ಕಿದ್ದು ಹೋದ ವಾರದ ಪತ್ರಿಕೆಯಲ್ಲಿ ಬಂದ ಸಚಿವರ ಹುಟ್ಟುಹಬ್ಬದ ಜಾಹೀರಾತು: ‘ನಮ್ಮನ್ನಾಳುವ ಸಚಿವರಿಗೆ ಶುಭಾಶಯ.’

“ಇದನ್ನ ಬರೆದವರು ಯಾರು?”

“ನಾನೇ,” ಎಂದ ಸಹಾಯಕ, ಕೊಂಚ ನಾಚಿಕೊಂಡು.

“ಹಾಗಾದ್ರೆ ನಿಮ್ಮ ಹೆಸರು ಅಚ್ಚಾಗುತ್ತೆ. ಹೋದ ವಾರದ್ದಲ್ವಾ, ಕೊನೇಲಿ ಬರುತ್ತೆ ಅಷ್ಟೆ.”

ಹನ್ನೆರಡು ವರ್ಷ ಸಾಹೇಬರ ಭಾಷಣ ಬರೆದು ಬೆರಳು ಸವೆಸಿದ್ದವನು ಅವನು; ಎಲ್ಲೂ ಹೆಸರು ಬಂದಿರಲಿಲ್ಲ. “ನಿಘಂಟಿನಲ್ಲಿ ನನ್ನ ಹೆಸರಾ?” ಎಂದು ಎರಡು ಸಲ ಕೇಳಿದ. ಮೊದಲೋ ಕೊನೆಯೋ ಎಂಬುದು ಮರೆತೇ ಹೋಯಿತು. ಸಂಜೆಯೊಳಗೆ ಫೈಲಿಗೆ ಸಹಿ ಬಿತ್ತು.

ಬಿಡುಗಡೆಯ ದಿನ ಸಚಿವರು ವೇದಿಕೆಯಲ್ಲಿ ಆ ಪುಟ ತೆರೆದು, “ನಾಲ್ಕನೇ ಅರ್ಥ, ಆಳುವವನು!” ಎಂದು ಗುಡುಗಿದರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಅದೇ ಗತ್ತಿನಲ್ಲಿ ಕೆಳಗಿನ ಸಾಲನ್ನೂ ಓದಿಬಿಟ್ಟರು: “ಆಧಾರ, ಸಚಿವರ ಹುಟ್ಟುಹಬ್ಬದ ಜಾಹೀರಾತು.” ಪಕ್ಕದಲ್ಲಿದ್ದ ಸಹಾಯಕನ ಹೆಸರನ್ನೂ ಹುದ್ದೆಯನ್ನೂ ಬಿಡಲಿಲ್ಲ.

ಮೊದಲು ನಕ್ಕವಳು ಕಾರ್ಡಮ್ಮ. ಕಾಯಂ ಆದೇಶ ಬ್ಯಾಗಿನಲ್ಲಿ ಭದ್ರವಾಗಿತ್ತು. ಒಂಬತ್ತು ವರ್ಷ ಹೆದರಿ ನುಂಗಿಕೊಂಡಿದ್ದ ನಗುವನ್ನೆಲ್ಲ, ಕಣ್ಣಲ್ಲಿ ನೀರು ಬರುವವರೆಗೂ, ಮುಂದಿನ ಸಾಲಿನಲ್ಲೇ ಕೂತು ನಕ್ಕಳು.